ಚಪ್ಪಾಳೆ ತಟ್ಟಿಸುವ ಹಳದಿ ದೀಪ

ಚಪ್ಪಾಳೆ ಕೇಳಿದರೆ ನನಗೆ ಹೆದರಿಕೆಯಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಡೈರಿಯಲ್ಲಿ ಒಮ್ಮೆ ಬರೆದೆ. ಯಾರಾದರೂ ಓದಿದರೆ ನಗುತ್ತಾರೆ ಅನ್ನಿಸಿ ಹೊಡೆದುಹಾಕಿದೆ. ಮಾರನೇ ದಿನ ಮತ್ತೆ ಅದನ್ನೇ ಬರೆದೆ.

ಅಪ್ಪನದು ಸ್ಕೂಲ್ ವ್ಯಾನು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು, "ಕೆಲಸ ಸಿಗೋವರೆಗೂ ನನ್ ಜೊತೆ ಬಾರಮ್ಮ, ಮಕ್ಕಳನ್ನ ಹತ್ತಿಸಿ ಇಳಿಸಿದ್ರೆ ಸಾಕು" ಅಂತ ಕರೆದುಕೊಂಡರು. ಹಿಂದಿನ ಬಾಗಿಲ ಪಕ್ಕದ ಸೀಟು ನನ್ನದು. ನನಗೆ ಮಾತು ಕಡಿಮೆ. ಗಲಾಟೆ ಮಿತಿಮೀರಿದಾಗ ತುಟಿಯ ಮೇಲೆ ಬೆರಳಿಟ್ಟು "ಶ್" ಅನ್ನುತ್ತೇನೆ. ಅದಕ್ಕೇ ಮಕ್ಕಳು ನನಗೆ 'ಶ್ ಅಕ್ಕ' ಅಂತ ಹೆಸರಿಟ್ಟಿದ್ದಾರೆ. ಅಪ್ಪ ಅವರಿಗೆಲ್ಲ 'ವ್ಯಾನ್ ಮಾಮ'.

ವ್ಯಾನ್ ಮಾಮ ಅಂದರೆ ಮಕ್ಕಳಿಗೆ ಪ್ರಾಣ. ಹಾರ್ನ್‌ನಲ್ಲೇ ಮಾತಾಡಿಸುತ್ತಾರೆ, ಅಳುವವರನ್ನು ನಗಿಸುತ್ತಾರೆ. ಒಂದು ದಿನ ಅಪ್ಪನ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಎರಡು ಹಳದಿ ದೀಪ ಒಟ್ಟಿಗೆ ಹೊತ್ತಿಕೊಂಡವು. ಅವು ಹೇಗಿವೆ ಅಂತ ಮುಂದೆ ಕೂತ ಮಕ್ಕಳೇ ಆಮೇಲೆ ನನಗೆ ಹೇಳಿದರು. ಒಂದರಲ್ಲಿ ವೃತ್ತದೊಳಗೆ ಎಬಿಎಸ್ ಅನ್ನುವ ಅಕ್ಷರ. ಇನ್ನೊಂದರಲ್ಲಿ ಕಾರಿನ ಚಿತ್ರ, ಅದರ ಕೆಳಗೆ ಜಾರಿದ ಹಾಗೆ ಎರಡು ಸೊಟ್ಟ ಗೆರೆ. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಬೆದರಿ ಕೇಳಿದಳು, "ಮಾಮ, ಅದೇನು ಉರೀತಿರೋದು?"

"ಅದಾ? ವ್ಯಾನು ನಮಗೆ ಕಣ್ಣು ಹೊಡೀತಿದೆ ಪುಟ್ಟಿ. ಖುಷಿಯಾಗಿದೆ ಅದಕ್ಕೆ. ಎಲ್ಲಿ, ಚಪ್ಪಾಳೆ ತಟ್ಟಿ ನೋಡೋಣ!"

ಮಕ್ಕಳೆಲ್ಲ ತಟ್ಟಿದರು. ಆಮೇಲೆ ಅದೊಂದು ಆಟವೇ ಆಗಿಹೋಯಿತು. ದೀಪ ಬಂದ ಕೂಡಲೇ ಮುಂದಿನವರು "ಬಂತು!" ಅಂತ ಕೂಗುವುದು, ಹಿಂದಿನವರು ಚಪ್ಪಾಳೆ ಹೊಡೆಯುವುದು. ನಾನು ಕೂತ ಜಾಗಕ್ಕೆ ಡ್ಯಾಶ್‌ಬೋರ್ಡ್ ಕಾಣುವುದಿಲ್ಲ. ಚಪ್ಪಾಳೆ ಕೇಳಿದರೆ ಸಾಕು, ದೀಪ ಬಂದಿದೆ ಅಂತ ಗೊತ್ತಾಗುತ್ತಿತ್ತು. ಮಕ್ಕಳು ನನ್ನ ಮುಖ ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

"ರೀ, ಅದೇನೋ ದೀಪ ಬರುತ್ತಂತಲ್ಲ?" ಅಂತ ಅಮ್ಮ ಕೇಳಿದಳು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕೇಳುವಾಗಲೂ ಮಿಷನ್ ತುಳಿಯುವ ಕಾಲು ನಿಂತಿರಲಿಲ್ಲ.

"ಬರುತ್ತೆ, ಹೋಗುತ್ತೆ. ನಿನ್ನ ತಮ್ಮ ಬಂದು ಹೋಗಲ್ವಾ, ಹಾಗೆ."

"ನನ್ ತಮ್ಮ ಬಂದ್ರೆ ಅಷ್ಟು ಬೇಗ ಹೋಗಲ್ಲ ಅಂತ ನೀವೇ ಗೋಳಾಡ್ತೀರಿ."

"ಅದಕ್ಕೇ ಹೇಳಿದ್ದು, ಈ ದೀಪ ಎಷ್ಟೋ ವಾಸಿ. ಎಂಜಿನ್ ಆಫ್ ಮಾಡಿ ಆನ್ ಮಾಡಿದ್ರೆ ಮಾಯ!"

ಇದು ಅಪ್ಪನ ಕೀಲಿಕೈ ಚಿಕಿತ್ಸೆ. ದೀಪ ಬಂದರೆ ಮುಂದಿನ ನಿಲ್ದಾಣದಲ್ಲಿ ಎಂಜಿನ್ ನಿಲ್ಲಿಸಿ, ಮತ್ತೆ ಶುರು ಮಾಡುವುದು. ದೀಪ ಆರುತ್ತಿತ್ತು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದರು, ನೋಡಿದೆಯಾ ಅನ್ನುವ ಹಾಗೆ.

ಗ್ಯಾರೇಜಿಗೂ ಹೋಗಿದ್ದೆವು. ಮೇಸ್ತ್ರಿ ಬಾಗಿಲಿಗೆ ಬರುವಷ್ಟರಲ್ಲಿ ದೀಪ ಆರಿತ್ತು.

"ಎಲ್ಲಿ ಯಜಮಾನ್ರೇ ಕಾಯಿಲೆ? ನಿಮ್ ಗಾಡಿ ಡಾಕ್ಟರನ್ನ ಕಂಡ ಕೂಡಲೇ ಹುಷಾರಾಗೋ ಮಗು ಥರ ಇದೆಯಲ್ಲ!"

"ಆಯ್ತು ಬಿಡು ಮಾರಾಯ, ಆ ದೀಪ ಬರದ ಹಾಗೆ ಏನಾದ್ರೂ ಒರೆಸಿ ಹಾಕು. ಮಕ್ಕಳನ್ನ ಬಿಡೋ ಹೊತ್ತಾಯ್ತು."

ಮೇಸ್ತ್ರಿ ಅದೇನೋ ಮಿಷನ್ ಚುಚ್ಚಿ ಗಾಡಿಯ ನೆನಪನ್ನೇ ಒರೆಸಿಕೊಟ್ಟ. ಅಪ್ಪ ಗೆದ್ದವರ ಹಾಗೆ ಗಾಡಿ ಹತ್ತಿದರು. ಮಕ್ಕಳನ್ನು ಹತ್ತಿಸಿಕೊಂಡು ಹೊರಟು, ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಿದ್ದೇ ತಡ, "ಬಂತು!" ಅಂತ ಕೂಗು. ಚಪ್ಪಾಳೆ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಆ ತಿರುವಿನಿಂದಾಚೆ ರಸ್ತೆ ಇಳಿಜಾರು. ಇಳಿಜಾರಿನ ಕೊನೆಗೆ ರೈಲ್ವೆ ಗೇಟು.

ಆಮೇಲೊಂದು ಬೆಳಿಗ್ಗೆ ಸಣ್ಣಗೆ ಹನಿಯುತ್ತಿತ್ತು. ಪರೀಕ್ಷೆ ಶುರುವಾಗಿತ್ತು, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಟ್ಯಾಂಕಿನ ಹತ್ತಿರ ವ್ಯಾನು ಎಡಕ್ಕೆ ವಾಲಿತು, ಹಂಪ್ ಮೇಲೆ ಹತ್ತಿ ಇಳಿಯಿತು. "ಬಂತು!" ಬಾಯಿಪಾಠ ಬಿಟ್ಟು ಎಲ್ಲರೂ ಚಪ್ಪಾಳೆ ಹೊಡೆದರು.

ಕೆಳಗೆ ಗೇಟು ಹಾಕಿತ್ತು. ಗೇಟಿನ ಮುಂದೆ ಹಾಲಿನ ಟ್ಯಾಂಕರ್ ನಿಂತಿತ್ತು. ಅಪ್ಪ ಬ್ರೇಕ್ ತುಳಿದರು. ಅಷ್ಟರಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಅಪ್ಪ ಬ್ರೇಕನ್ನು ಗಟ್ಟಿಯಾಗಿ ಒತ್ತಿದರು.

ಸದ್ದೇ ಇರಲಿಲ್ಲ. ಒದ್ದೆ ನೆಲದ ಮೇಲೆ ಬಟ್ಟೆ ಎಳೆದ ಹಾಗೆ ಒಂದು ಸುಯ್ಯೆನ್ನುವ ದನಿ, ಅಷ್ಟೆ. ಚಕ್ರ ತಿರುಗುವುದು ನಿಂತಿದೆ, ವ್ಯಾನು ಮಾತ್ರ ನಿಂತಿಲ್ಲ ಅನ್ನುವುದು ಕೂತಲ್ಲೇ ತಿಳಿಯಿತು. ಅಪ್ಪ ಸ್ಟೇರಿಂಗನ್ನು ಬಲಕ್ಕೆ ತಿರುಗಿಸುತ್ತಿದ್ದರು, ಇನ್ನೂ ತಿರುಗಿಸುತ್ತಿದ್ದರು. ವ್ಯಾನಿನ ಮೂತಿ ನೇರ ಟ್ಯಾಂಕರಿನ ಕಡೆಗೇ ಹೋಗುತ್ತಿತ್ತು. ಮಕ್ಕಳಿಗೆ ಇದೂ ಆಟದ ಭಾಗ ಅನ್ನಿಸಿತೋ ಏನೋ. ಜಾರುವ ವ್ಯಾನಿನೊಳಗೆ ಕೂತು ಮತ್ತೊಂದು ಸಲ ಚಪ್ಪಾಳೆ ತಟ್ಟಿದರು.

ಟ್ಯಾಂಕರಿಗೆ ಒಂದು ಗೇಣು ಉಳಿದಿರುವಾಗ ವ್ಯಾನು ನಿಂತಿತು. ಸೈಕಲ್ಲಿನವ ಬೈದು ಹೋದ. ರೈಲು ಹೋಯಿತು, ಗೇಟು ತೆರೆಯಿತು. ಹಿಂದಿನವರು ಹಾರ್ನ್ ಹೊಡೆದರೂ ಅಪ್ಪ ಗಾಡಿ ಎತ್ತಲಿಲ್ಲ. ಕನ್ನಡಿಯಲ್ಲಿ ನನ್ನನ್ನು ಹುಡುಕಿದರು.

"ನಿಂತಿತಲ್ಲ?" ಅಂದರು. "ಬ್ರೇಕ್ ಹಿಡೀತಲ್ಲ?"

ನಾನು ತಲೆಯಾಡಿಸಿದೆ. ಹೌದು, ಹಿಡಿಯಿತು. ಅಪ್ಪನಿಗೆ ಮಾತ್ರ ಗೇರು ಮೂರನೇ ಸಲಕ್ಕೆ ಬಿತ್ತು.

ಅವತ್ತು ಸಂಜೆ ಅಪ್ಪ ಕತ್ತರಿ ಕೇಳಿದರು. ಅಮ್ಮ ಹೊಲಿಗೆ ಕತ್ತರಿ ಕೊಡುವುದಿಲ್ಲ ಅಂದಳು. ಅಪ್ಪ ಅಡುಗೆಮನೆಯ ಚಾಕು ತೆಗೆದುಕೊಂಡು ಹೊರಗೆ ಹೋದರು. ಹಿಂದೆಯೇ ಹೋಗಿ ನೋಡಿದೆ. ಡ್ರೈವರ್ ಸೀಟಿನಲ್ಲಿ ಕೂತು ಕಪ್ಪು ಇನ್ಸುಲೇಷನ್ ಟೇಪನ್ನು ಸಣ್ಣ ಸಣ್ಣ ಚೌಕ ಕತ್ತರಿಸಿ, ಎರಡೂ ದೀಪಗಳ ಮೇಲೆ ಅಂಟಿಸುತ್ತಿದ್ದರು. ಉಗುರಿನಿಂದ ಅಂಚು ತೀಡಿ ತೀಡಿ ಕೂರಿಸಿದರು. ಅಪ್ಪನ ಕೆಲಸ ಯಾವಾಗಲೂ ಅಚ್ಚುಕಟ್ಟು. ಮನೆಯಲ್ಲಿ ಟಿವಿ ವೈರು, ಫ್ಯಾನಿನ ವೈರು, ಇಸ್ತ್ರಿಪೆಟ್ಟಿಗೆಯ ವೈರು ಯಾವುದೂ ಜೋತಾಡುವ ಹಾಗಿಲ್ಲ. ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗಿನ ಕಟ್ಟು ಅಪ್ಪನ ಜೇಬಿನಲ್ಲೇ ಇರುತ್ತದೆ. ಕಂಡದ್ದನ್ನೆಲ್ಲ ಬಿಗಿದು, ಉಳಿದ ಬಾಲವನ್ನು ಕತ್ತರಿಸಿ ಬಿಸಾಡುತ್ತಾರೆ. "ನನ್ನನ್ನೂ ಒಂದಿನ ಗೋಡೆಗೆ ಕಟ್ಟಿಬಿಡ್ತಾರೆ ಈ ಮನುಷ್ಯ" ಅಂತ ಅಮ್ಮ ನಗುವುದುಂಟು.

ಟೇಪು ನೋಡಿ ನನಗೆ ಚಪ್ಪಾಳೆಗಿಂತ ಹೆಚ್ಚು ಭಯವಾಯಿತು. ನಾಳೆ ದೀಪ ಬರುತ್ತದೆ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಂದದ್ದು ನನಗೂ ತಿಳಿಯುವುದಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಪಕ್ಕದ ಮನೆಯ ಕ್ಲಚ್ಚಕ್ಕ ಬಂದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಬೆಳಗಿಂದ ಸಂಜೆಯವರೆಗೂ "ಕ್ಲಚ್ಚು! ಕ್ಲಚ್ಚು ಒತ್ರೀ!" ಅಂತ ಅರಚುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅದನ್ನೇ ಹೆಸರು ಮಾಡಿದ್ದಾರೆ. ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಬಂದವಳು ವ್ಯಾನಿನ ಕಿಟಕಿಯೊಳಗೆ ತಲೆ ತೂರಿಸಿದಳು.

"ಏನಣ್ಣಾ ಇದು, ವ್ಯಾನಿಗೆ ದೃಷ್ಟಿಬೊಟ್ಟು ಇಡ್ತಿದ್ದೀಯಾ?"

"ಮಕ್ಕಳು ಸುಮ್ನೆ ಕೂಗ್ತಾರಮ್ಮ. ಆ ಸದ್ದಿಗೆ ಗಮನ ಹಾಳಾಗುತ್ತೆ."

"ಮಕ್ಕಳು ಕೂಗಿದ್ರೆ ಮಕ್ಕಳ ಬಾಯಿಗೆ ಅಂಟಿಸು. ದೀಪದ ಬಾಯಿಗೆ ಯಾಕೆ ಅಂಟಿಸ್ತೀಯ? ಯಾವ ದೀಪ ಅದು? ತೆಗಿ ನೋಡೋಣ."

"ಎಬಿಎಸ್ಸು. ಬ್ರೇಕು ಚೆನ್ನಾಗೇ ಇದೆ. ಅದು ಸುಮ್ನೆ ಬರುತ್ತೆ, ಹೋಗುತ್ತೆ."

"ಬ್ರೇಕು ಚೆನ್ನಾಗಿರಬಹುದು. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಜಾರಿತಂತೆ? ಟ್ಯಾಂಕರಿನವನು ನಮ್ಮ ಸ್ಕೂಲಿನ ಪಕ್ಕದಲ್ಲೇ ಟೀ ಕುಡೀತಾನೆ, ಊರಿಗೆಲ್ಲ ಹೇಳಿದಾನೆ."

ಮಿಷನ್ನಿನ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದಳು. "ಜಾರಿತಾ? ಮಕ್ಕಳಿದ್ರಾ ಒಳಗೆ?"

ಅಪ್ಪ ಟೇಪಿನ ಅಂಚನ್ನೇ ತೀಡುತ್ತಿದ್ದರು. ಅಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವಳಿಗೆ.

"ಕೇಳಿಸ್ಕೋ ಅಣ್ಣ," ಅಂದಳು ಕ್ಲಚ್ಚಕ್ಕ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಂಡುಬಿಟ್ರೆ ಗಾಡಿ ಜಾರುತ್ತೆ. ಸ್ಟೇರಿಂಗ್ ತಿರುಗಿಸಿದ್ರೂ ಕೇಳಲ್ಲ. ಹಾಗೆ ಕಚ್ಚಿಕೊಳ್ಳದ ಹಾಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡೋದೇ ಈ ಎಬಿಎಸ್ ಕೆಲಸ. ಹಳದಿ ದೀಪ ಬಂತು ಅಂದ್ರೆ, ನಿನ್ನ ಬ್ರೇಕ್ ನಿನಗಿದೆ, ನನ್ನ ಸಹಾಯ ಇವತ್ತಿಲ್ಲ ಅಂತ ಅದು ಹೇಳ್ತಿದೆ. ಒಣ ರಸ್ತೆಲಿ ನಿಧಾನಕ್ಕೆ ಹೋದ್ರೆ ಗೊತ್ತೇ ಆಗಲ್ಲ. ಒದ್ದೆ ಇಳಿಜಾರಲ್ಲಿ ಗೊತ್ತಾಗುತ್ತೆ."

"ಜೊತೆಗೆ ಆ ಜಾರೋ ಕಾರಿಂದೂ ಯಾಕೆ ಬರುತ್ತೆ?" ಅಂದರು ಅಪ್ಪ.

"ಅದು ಗಾಡಿ ಅಡ್ಡ ಜಾರದ ಹಾಗೆ ನೋಡ್ಕೊಳ್ಳೋದು. ಅವೆರಡೂ ಒಂದೇ ಸುದ್ದಿ ನಂಬಿಕೊಂಡು ಬದುಕೋವು. ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್ ಇರುತ್ತೆ, ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಹೇಳೋದು. ಒಂದು ಚಕ್ರದ ಸುದ್ದಿ ತಪ್ಪಿದ್ರೂ ಎರಡೂ ಕೈ ಕಟ್ಟಿ ಕೂರ್ತವೆ. ಸೆನ್ಸರಿಗೆ ಕೆಸರು ಮೆತ್ತಿರಬಹುದು, ವೈರು ಹರಿದಿರಬಹುದು, ಬೇರಿಂಗ್ ಹೋಗಿರಬಹುದು. ಬೇರೆ ಅಳತೆ ಟೈರು ಹಾಕಿದ್ರೂ ಬರುತ್ತೆ. ಕೂತಲ್ಲೇ ಹೇಳಕ್ಕಾಗಲ್ಲ. ಯಾವಾಗ ಬರುತ್ತೆ ಅದನ್ನ ಹೇಳು, ಅರ್ಧ ರೋಗ ಅಲ್ಲೇ ಸಿಗುತ್ತೆ."

"ಅದಕ್ಕೆ ಮನಸ್ಸು ಬಂದಾಗ ಬರುತ್ತೆ. ಹೊತ್ತಿಲ್ಲ, ಗೊತ್ತಿಲ್ಲ."

ನನಗೆ ಗೊತ್ತಿತ್ತು. ಅಪ್ಪನ ಮುಂದೆ ಅಪ್ಪನ ಗಾಡಿಯ ವಿಷಯ ನಾನು ಹೇಳುವುದೇ? ಕ್ಲಚ್ಚಕ್ಕ ನನ್ನ ಮುಖ ನೋಡಿದಳು. ದಿನವೂ ಹೆದರಿದವರ ಮುಖ ನೋಡಿ ಪಾಠ ಮಾಡುವವಳು ಅವಳು.

"ಇವಳಿಗೇನೋ ಗೊತ್ತಿದೆ. ಮಾತು ಬೇಡ ಕಂದಾ, ತಲೆ ಆಡಿಸು ಸಾಕು. ನೆಟ್ಟಗೆ ಹೋಗುವಾಗ ಬರುತ್ತಾ?"

ಇಲ್ಲ ಅಂತ ತಲೆಯಾಡಿಸಿದೆ.

"ತಿರುವಲ್ಲಿ?"

ಹೌದು.

"ಬಲಕ್ಕೆ?"

ಇಲ್ಲ.

"ಎಡಕ್ಕೆ ತಿರುಗಿದಾಗ ಮಾತ್ರ?"

ಹೌದು. ಹಂಪ್ ಇದ್ದರಂತೂ ಖಂಡಿತ. ಅಂಗೈಯನ್ನು ಏರಿಸಿ ಇಳಿಸಿ ತೋರಿಸಿದೆ.

ಅಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದರು. "ನೀನು ಕೂರೋದು ಹಿಂದೆ. ದೀಪ ಕಾಣೋದೇ ಇಲ್ಲ. ನಿನಗೆ ಹೇಗೆ ಗೊತ್ತು?"

ನಾನು ಎರಡು ಕೈ ಸೇರಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದೆ.

ಟ್ಯಾಂಕಿನ ತಿರುವು. ಅಂಚೆಕಚೇರಿಯ ಪಕ್ಕದ ಓಣಿ. ಶಾಲೆಯ ಗೇಟಿನೊಳಗೆ ಹೋಗುವ ತಿರುವು. ಮೂರೂ ಎಡಕ್ಕೆ. ಮಕ್ಕಳು ಬೇರೆಲ್ಲೂ ಚಪ್ಪಾಳೆ ಹೊಡೆದಿಲ್ಲ. ಅಪ್ಪನಿಗೆ ಇದು ಯಾಕೆ ಹೊಳೆದಿರಲಿಲ್ಲ ಅಂದರೆ, ದೀಪ ಬಂದಾಗಲೆಲ್ಲ ಅವರು ದೀಪ ನೋಡುತ್ತಿರಲಿಲ್ಲ, ಮಕ್ಕಳು ನಗುತ್ತಿದ್ದಾರೋ ಇಲ್ಲವೋ ಅಂತ ಕನ್ನಡಿ ನೋಡುತ್ತಿದ್ದರು.

ಕ್ಲಚ್ಚಕ್ಕ ತಡ ಮಾಡಲಿಲ್ಲ. ಟೇಪು ಕಿತ್ತು ಅಪ್ಪನ ಅಂಗಿಯ ತೋಳಿಗೆ ಅಂಟಿಸಿದಳು. ಅವಳು ಕಾರು ಕಲಿಸುವ ಖಾಲಿ ಮೈದಾನಕ್ಕೆ ವ್ಯಾನು ತರಿಸಿದಳು. ನಾನು ಮುಂದಿನ ಸೀಟಿನಲ್ಲಿ ಕೂತೆ. ಅಪ್ಪ ನಿಧಾನಕ್ಕೆ ಬಲಕ್ಕೆ ಸುತ್ತು ಹೊಡೆದರು. ಏನೂ ಇಲ್ಲ. ಎಡಕ್ಕೆ ಸುತ್ತು ಹೊಡೆದರು. ಎರಡು ದೀಪವೂ ಒಟ್ಟಿಗೆ ಹೊತ್ತಿಕೊಂಡವು. ಮೊದಲ ಸಲ ನಾನು ಅವನ್ನು ಕಣ್ಣಾರೆ ನೋಡಿದೆ. ಚಪ್ಪಾಳೆ ಇಲ್ಲದೆ, ಸಂಜೆಯ ಮಬ್ಬಿನಲ್ಲಿ, ಅಪ್ಪನ ಗಲ್ಲದ ಮೇಲೆ ಆ ಹಳದಿ ಬೆಳಕು ಬಿದ್ದಿತ್ತು.

"ಎಂಜಿನ್ ಆರಿಸ್ಬೇಡ," ಅಂದಳು ಕ್ಲಚ್ಚಕ್ಕ. "ಈ ಸಲ ಕಾಯಿಲೆ ಸಮೇತ ಡಾಕ್ಟರ ಹತ್ತಿರ ಹೋಗೋಣ."

ಮೇಸ್ತ್ರಿ ಸ್ಕ್ಯಾನರ್ ಅನ್ನುವ ಅದೇ ಮಿಷನ್ ಚುಚ್ಚಿದ. ದೀಪ ಆರಿದ ಮೇಲೂ ಗಾಡಿ ತನ್ನ ತೊಂದರೆಯನ್ನು ನೆನಪಿಟ್ಟುಕೊಂಡಿರುತ್ತದಂತೆ. "ಆವತ್ತೇ ಓದಿ ನೋಡಬಹುದಿತ್ತು ಯಜಮಾನ್ರೇ. ನೀವು ಒರೆಸು ಅಂದ್ರಿ, ನಾನೂ ಒರೆಸಿಬಿಟ್ಟೆ. ಇಬ್ಬರದೂ ತಪ್ಪು." ಸ್ಕ್ಯಾನರಿನಲ್ಲಿ ಮುಂದಿನ ಬಲಗಡೆ ಚಕ್ರದ ಹೆಸರು ಬಂತು. ಹಾಗಂತ ಅವನು ಕೂಡಲೇ ಸೆನ್ಸರ್ ಬದಲಾಯಿಸಲು ಹೊರಡಲಿಲ್ಲ. "ಮಿಷನ್ನು ಬೀದಿ ಹೇಳುತ್ತೆ, ಮನೆ ನಾವೇ ಹುಡುಕ್ಬೇಕು" ಅಂದ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಟಾರ್ಚು ಬಿಟ್ಟ.

ಚಕ್ರದ ಹಿಂದೆ ಒಂದು ಕಪ್ಪು ವೈರು ತಂಬೂರಿಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಅದನ್ನು ಬ್ರೇಕಿನ ಪೈಪಿಗೆ ಸೇರಿಸಿ ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿತ್ತು. ಉಳಿದ ಬಾಲವನ್ನು ನೀಟಾಗಿ ಕತ್ತರಿಸಿತ್ತು.

"ಅಬ್ಬಾ! ಇಷ್ಟು ಅಚ್ಚುಕಟ್ಟಾಗಿ ಯಾರು ಕಟ್ಟಿದ್ದು ಇದನ್ನ?"

ಅಪ್ಪನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು.

"ವ್ಯಾನ್ ತೊಳೆಯುವಾಗ ನೋಡಿದೆ," ಅಂದರು ಕೊನೆಗೆ. "ವೈರು ಜೋತಾಡ್ತಿತ್ತು. ಕಲ್ಲಿಗೆ ತಗುಲಿ ಹರಿದುಹೋದೀತು ಅಂತ..."

"ಅದು ಜೋತಾಡ್ಲಿ ಅಂತಾನೇ ಬಿಟ್ಟಿರೋದು ಯಜಮಾನ್ರೇ. ಚಕ್ರ ತಿರುಗುವಾಗ ವೈರಿಗೂ ತಿರುಗಕ್ಕೆ ಜಾಗ ಬೇಕಲ್ಲ? ನೀವು ಬಿಗಿದಿರಿ, ಎಡಕ್ಕೆ ತಿರುಗಿಸಿದಾಗೆಲ್ಲ ಅದು ಎಳೆದುಕೊಂಡಿದೆ. ಮೇಲಿನ ರಬ್ಬರು ಚೆನ್ನಾಗೇ ಇದೆ, ಒಳಗಿನ ತಂತಿ ಕಿತ್ತುಹೋಗಿದೆ. ತುದಿಗಳು ಕೂಡಿದಾಗ ದೀಪ ಇಲ್ಲ, ಬಿಟ್ಟುಕೊಂಡಾಗ ದೀಪ."

ಹೊಸ ವೈರು ಬರುವುದು ಮಾರನೇ ದಿನ ಸಂಜೆಗೆ ಅಂದ. ಖಾಲಿ ಗಾಡಿಯನ್ನು ನಿಧಾನಕ್ಕೆ ಮನೆಗೆ ಒಯ್ಯಬಹುದು. ಮಕ್ಕಳನ್ನು ಕೂರಿಸಿಕೊಂಡು ಆ ಇಳಿಜಾರು ಮಾತ್ರ ಬೇಡ.

ಇದನ್ನು ಓದುತ್ತಿರುವ ನಿಮಗೆ ಹೇಳಬೇಕಾದ ಮಾತುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಮನೆಗೆ ಬರುವ ದಾರಿಯುದ್ದಕ್ಕೂ ಕ್ಲಚ್ಚಕ್ಕ ಅಪ್ಪನಿಗೆ ಹೇಳಿದ್ದು, ಹಿಂದೆ ಕೂತು ನಾನು ಕೇಳಿಸಿಕೊಂಡದ್ದು.

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಅದು ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಬಗೆ. ಎಬಿಎಸ್ ದೀಪ ಆರದೇ ಉಳಿದರೆ, ಅಥವಾ ಓಡುವಾಗ ಬಂದರೆ, ಅದು ಕರೆಯುತ್ತಿದೆ ಅಂತ ಅರ್ಥ. ಬಂದು ತಾನಾಗಿ ಹೋದರೂ ಕರೆದದ್ದು ಕರೆದದ್ದೇ. ಜಾರುವ ಕಾರಿನ ದೀಪ ಕೆಸರಿನಲ್ಲಿ ಚಕ್ರ ಜಾರಿದಾಗ ಮಿನುಗಿ ಆರಿದರೆ ಅದು ತನ್ನ ಕೆಲಸ ಮಾಡುತ್ತಿದೆ. ಬಿಡದೆ ಉರಿದರೆ ಕೆಲಸ ನಿಲ್ಲಿಸಿದೆ. ಆಗ ವೇಗ ಇಳಿಸಿ, ಮುಂದಿನ ಗಾಡಿಗೆ ಹೆಚ್ಚು ಜಾಗ ಬಿಟ್ಟು, ನೇರ ಗ್ಯಾರೇಜಿಗೆ ಹೋಗಿ. ಎಡ ತಿರುವೋ ಬಲ ತಿರುವೋ, ಹಂಪೋ, ಮಳೆಯೋ, ಗಾಡಿ ತೊಳೆದ ಮೇಲೋ, ಯಾವಾಗ ಬಂತು ಅನ್ನುವುದನ್ನು ಗಮನಿಸಿ ಮೇಸ್ತ್ರಿಗೆ ಹೇಳಿ. ಮೊದಲು ಓದಿಸಿ, ಆಮೇಲೆ ಒರೆಸಿ. ಇನ್ನು ಕೆಂಪು ಬ್ರೇಕ್ ದೀಪ ಬಂದರೆ ಮಾತು ಬೇರೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಅದು ಉರಿಯುತ್ತಿದ್ದರೆ, ಹಳದಿ ಕೆಂಪು ಎರಡೂ ಒಟ್ಟಿಗೆ ಇದ್ದರೆ, ಅಲ್ಲೇ ರಸ್ತೆ ಬದಿಗೆ ನಿಲ್ಲಿಸಿ. ಬ್ರೇಕ್ ಆಯಿಲ್ ಸೋರಿರಬಹುದು. ಮೇಸ್ತ್ರಿಯೇ ನಿಮ್ಮ ಹತ್ತಿರ ಬರಲಿ, ಗಾಡಿ ಓಡಿಸಿಕೊಂಡು ಹೋಗಬೇಡಿ.

ಮಾತು ಇಷ್ಟೇ. ಕಷ್ಟವೇನಿಲ್ಲ. ಕಷ್ಟ ಬಂದದ್ದು ಮಾರನೇ ದಿನ ಬೆಳಿಗ್ಗೆ.

ಅಪ್ಪ ವ್ಯಾನು ಓಡಿಸುವುದಿಲ್ಲ ಅಂತ ಒಪ್ಪಿದ್ದರು. ಆದರೆ ಮಕ್ಕಳ ಅಪ್ಪ ಅಮ್ಮಂದಿರಿಗೆ ಏನು ಹೇಳುವುದು? "ಬ್ರೇಕಿನ ವಿಷಯ ಅಂದ್ರೆ ಮುಗೀತು, ಇನ್ನೊಂದು ಸಲ ನನ್ನ ವ್ಯಾನಿಗೆ ಮಗು ಕಳಿಸ್ತಾರಾ? ಪಂಕ್ಚರ್ ಅಂತೀನಿ. ಪಂಕ್ಚರ್ ಯಾರಿಗೆ ಆಗಲ್ಲ?" ಅಂದರು.

ನಮ್ಮ ಬೀದಿಯ ಮೂಲೆಯಲ್ಲೇ ಮೊದಲ ನಿಲ್ದಾಣ. ವ್ಯಾನು ಬರದೆ ಕಾದವರು ಮಕ್ಕಳನ್ನು ಕರೆದುಕೊಂಡು ಮನೆ ಮುಂದೆಯೇ ಬಂದರು. ಹನಿ ಬೀಳುತ್ತಿತ್ತು. ಎಲ್ಲರ ಕೈಯಲ್ಲೂ ಛತ್ರಿ.

"ಪಂಕ್ಚರ್ ಸಾರ್. ಇವತ್ತೊಂದಿನ ನೀವೇ ಬಿಟ್ಟುಬಿಡಿ," ಅಂದರು ಅಪ್ಪ.

ಬ್ಯಾಂಕಿನ ಕೆಲಸದವರೊಬ್ಬರು ವ್ಯಾನಿನ ಸುತ್ತ ಒಂದು ಸುತ್ತು ಬಂದರು. "ಯಾವ ಟೈರು? ನಾಲ್ಕೂ ಚೆನ್ನಾಗಿವೆಯಲ್ಲ?"

"ಅದು... ಸಣ್ಣದಾಗಿ ಗಾಳಿ ಹೋಗ್ತಿದೆ..."

"ಸಣ್ಣದಾಗಿ ತಾನೆ? ಶಾಲೆವರೆಗೂ ಬರುತ್ತೆ ಬಿಡಿ. ಇಲ್ಲಾಂದ್ರೆ ಸ್ಟೆಪ್ನಿ ಹಾಕಿ, ನಾನೂ ಕೈ ಹಾಕ್ತೀನಿ. ಪರೀಕ್ಷೆ ಇದೆ ಕಣ್ರೀ, ಹೊತ್ತಾಯ್ತು!"

"ಹೌದು ಅಣ್ಣಾ, ಒಂದು ಟ್ರಿಪ್ ಹೊಡೆದುಬಿಡು," ಅಂದಳು ಇನ್ನೊಂದು ಮಗುವಿನ ತಾಯಿ. "ನಾನು ಅಂಗಡಿ ತೆಗೀಬೇಕು."

ಅಪ್ಪ ಅವರ ಮುಖ ನೋಡಿದರು, ಟೈರು ನೋಡಿದರು. ತಾವು ಹೇಳಿದ ಸುಳ್ಳಿಗೆ ತಾವೇ ಸಿಕ್ಕಿಕೊಂಡಿದ್ದರು. ಟೈರಿಗೆ ಏನೂ ಆಗಿಲ್ಲದ ಮೇಲೆ ಹೊರಡದೆ ಇರಲು ಕಾರಣವೇ ಉಳಿದಿರಲಿಲ್ಲ. "ಸರಿ," ಅಂದರು, ಯಾರಿಗೂ ಕೇಳಿಸದ ಹಾಗೆ. "ನಿಧಾನಕ್ಕೆ ಹೋಗ್ತೀನಿ. ಒಂದೇ ಟ್ರಿಪ್."

ಡ್ರೈವರ್ ಸೀಟು ಹತ್ತಿದರು. ಎಂಜಿನ್ ಶುರುವಾಯಿತು. ಮಕ್ಕಳು ನನ್ನ ಬಾಗಿಲಿಗೆ ಬಂದು ಸಾಲಾಗಿ ನಿಂತರು. ಎಲ್ಲರಿಗಿಂತ ಚಿಕ್ಕವಳು ನನ್ನ ಬೆರಳು ಹಿಡಿದುಕೊಂಡಳು. "ಶ್ ಅಕ್ಕ, ಇವತ್ತೂ ದೀಪ ಬರುತ್ತಾ?" ಅಂತ ಕೇಳಿ, ತಟ್ಟಲು ಸಿದ್ಧವಾಗಿ ಎರಡು ಪುಟ್ಟ ಅಂಗೈ ಮೇಲೆತ್ತಿದಳು.

ನನಗೆ ಇಳಿಜಾರು ಕಂಡಿತು. ಹಾಲಿನ ಟ್ಯಾಂಕರಿನ ಹಿಂಭಾಗ ಕಂಡಿತು. ನಾನು ಬಾಗಿಲು ತೆರೆಯಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಹತ್ತಿಸಮ್ಮ!" ಅಪ್ಪ ಕಿಟಕಿಯಿಂದ ಕೂಗಿದರು.

"ಅಪ್ಪಾ, ಬೇಡ."

ಸಣ್ಣಗೆ ಬಂತು ದನಿ. ಆದರೂ ಅಪ್ಪನಿಗೆ ಕೇಳಿಸಿತು. ಅವರು ಕತ್ತು ತಿರುಗಿಸಿ ನೋಡಿದರು. ನನ್ನನ್ನು, ನನ್ನ ಮುಂದೆ ಅಂಗೈ ಎತ್ತಿಕೊಂಡೇ ನಿಂತಿದ್ದ ಆ ಪುಟ್ಟಿಯನ್ನು. ಮನೆ ಬಾಗಿಲಲ್ಲಿ ಅಮ್ಮ ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದಳು, ಹೊಲಿಗೆಯ ಅಳತೆ ಟೇಪು. ಅವಳೂ ಬೇಡ ಅಂತ ತಲೆಯಾಡಿಸಿದಳು.

ಎಂಜಿನ್ ನಿಂತಿತು. ಅಪ್ಪ ಇಳಿದು ಬಂದು, ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಏನಾಯ್ತು? ಯಾಕೆ ಆಫ್ ಮಾಡಿದ್ರಿ?" ಬ್ಯಾಂಕಿನವರು ಕೇಳಿದರು.

ಅಪ್ಪ ನನ್ನ ಕಡೆ ನೋಡಿದರು. "ನೀನೇ ಹೇಳಮ್ಮ. ನನ್ನ ಬಾಯಲ್ಲಿ ಬರ್ತಿಲ್ಲ."

ಛತ್ರಿಗಳ ಕೆಳಗಿನ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಮಕ್ಕಳು ನಾನು "ಶ್" ಅನ್ನುತ್ತೇನೆ ಅಂತ ಕಾದರು. ನಾನು ಕೀಲಿಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಮತ್ತು ಬೀದಿಯ ಆ ತುದಿಯವರೆಗೂ ಕೇಳುವ ಹಾಗೆ ಹೇಳಿದೆ:

"ಪಂಕ್ಚರ್ ಅಲ್ಲ. ಬ್ರೇಕಿನ ಹಳದಿ ದೀಪ ಬಂದು ಬಂದು ಹೋಗ್ತಿದೆ. ನಿನ್ನೆ ಇಳಿಜಾರಲ್ಲಿ ಈ ವ್ಯಾನು ನಿಮ್ಮ ಮಕ್ಕಳನ್ನ ಇಟ್ಟುಕೊಂಡು ಜಾರಿದೆ. ನನಗೆ ತುಂಬಾ ಭಯವಾಗಿದೆ. ಸರಿಹೋಗೋವರೆಗೂ ಇವರನ್ನ ಇದರಲ್ಲಿ ಹತ್ತಿಸ್ಬೇಡಿ."